ಬೈಕೂ ಬೇಕು, ಬೆಟ್ಟವೂ ಬೇಕು: ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೆಯ ಕೊನೆಯಲ್ಲಿ ಒಂದು ಸಾಲು ಬರೆದಿದ್ದೆ: ಬೈಕಿನಲ್ಲಿ ದೂರ ಹೋಗಿ, ಅದನ್ನು ಒಂದು ಕಡೆ ನಿಲ್ಲಿಸಿ, ಜನರ ಸುಳಿವಿಲ್ಲದ ಬೆಟ್ಟ ಹತ್ತಿ ಬರುವ ಹುಚ್ಚು ಯಾರಿಗಾದರೂ ಇದ್ದರೆ ಪ್ರಶ್ನೆ ಕಳಿಸಿ ಎಂದು. ಇದು ನನಗೊಬ್ಬನಿಗೇ ಇರುವ ಹುಚ್ಚು ಅಂದುಕೊಂಡಿದ್ದೆ. ಬಂದ ಪತ್ರಗಳನ್ನು ನೋಡಿದರೆ ಹಾಗೇನೂ ಇಲ್ಲ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಮಾಡಿ, ಹೆಸರು ತೆಗೆದು ಇಲ್ಲಿ ಹಾಕಿದ್ದೇನೆ. ಕೆಲವರಿಗೆ ಉದ್ದ ಉತ್ತರ, ಕೆಲವರಿಗೆ ಎರಡೇ ಸಾಲು. ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಬೆಳಿಗ್ಗೆ ಐದಕ್ಕೆ ಮನೆ ಬಿಟ್ಟು, 150 ಕಿ.ಮೀ. ಬೈಕ್ ಓಡಿಸಿ, ಬೆಟ್ಟ ಹತ್ತಿ ಇಳಿದು, ರಾತ್ರಿ ಊಟಕ್ಕೆ ವಾಪಸ್ ಬರಬಹುದಾ ಸರ್? ಬೆಟ್ಟದ ದಾರಿ ಹೋಗಿ ಬರುವುದು ಸೇರಿ 14 ಕಿ.ಮೀ., ಏರು 900 ಮೀಟರ್. ಗೆಳೆಯರೆಲ್ಲ ಆರಾಮಾಗಿ ಆಗುತ್ತೆ ಅಂತಾರೆ.

ಗೆಳೆಯರು ಯಾವತ್ತು ಆಗಲ್ಲ ಅಂದಿದ್ದಾರೆ ಹೇಳಿ. ಬನ್ನಿ, ಲೆಕ್ಕ ಹಾಕೋಣ.

150 ಕಿ.ಮೀ. ಅಂದರೆ ಕೊನೆಯ 60 ಕಿ.ಮೀ. ಆದರೂ ತಿರುವಿನ ರಸ್ತೆ ಇರುತ್ತೆ ಅಂದುಕೊಳ್ಳುತ್ತೇನೆ. ಇಲ್ಲದಿದ್ದರೆ ನೀವು ಆ ದಾರಿ ಆರಿಸಿಕೊಳ್ಳುತ್ತಲೇ ಇರಲಿಲ್ಲ. ಸರಾಸರಿ ಗಂಟೆಗೆ 40 ಕಿ.ಮೀ. ಹಿಡಿದರೆ ಮೂರು ಮುಕ್ಕಾಲು ಗಂಟೆ. ಪೆಟ್ರೋಲ್ ಹಾಕಿಸುವುದು, ಫೋಟೋ ತೆಗೆಯುವುದು ಎಲ್ಲ ಸೇರಿ ನಾಲ್ಕು ಕಾಲು. ಅಲ್ಲಿಗೆ ಒಂಬತ್ತು ಕಾಲು ಆಯಿತು. ಶೂ ಬದಲಿಸಿ, ಸಾಮಾನು ಕಟ್ಟಿ, ತಿಂದು, ನಡೆಯಲು ಶುರು ಮಾಡುವಾಗ ಒಂಬತ್ತು ಮುಕ್ಕಾಲು.

ಇನ್ನು ಬೆಟ್ಟ. ವಿಲಿಯಂ ನೇಸ್ಮಿತ್ ಅಂತ ಒಬ್ಬ ಸ್ಕಾಟ್‌ಲೆಂಡಿನ ಪರ್ವತಾರೋಹಿ 1892ರಲ್ಲೇ ಒಂದು ಸರಳ ಸೂತ್ರ ಹೇಳಿಟ್ಟಿದ್ದಾನೆ, ಇವತ್ತಿಗೂ ಬೆಟ್ಟ ಹತ್ತುವವರು ಅದನ್ನೇ ಬಳಸುತ್ತಾರೆ: ಪ್ರತಿ 5 ಕಿ.ಮೀ. ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಿಮ್ಮ ಬೆಟ್ಟಕ್ಕೆ ಹಾಕಿದರೆ 14 ಕಿ.ಮೀ.ಗೆ 2 ಗಂಟೆ 48 ನಿಮಿಷ, ಏರಿಗೆ ಒಂದೂವರೆ ಗಂಟೆ, ಒಟ್ಟು 4 ಗಂಟೆ 18 ನಿಮಿಷ. ಆದರೆ ಈ ಸೂತ್ರದಲ್ಲಿ ಕೂರುವುದು ಇಲ್ಲ, ತಿನ್ನುವುದು ಇಲ್ಲ, ದಾರಿ ತಪ್ಪಿ ವಾಪಸ್ ಬರುವುದು ಇಲ್ಲ. ಕಡಿದಾದ ಇಳಿಜಾರಿನಲ್ಲಿ ನಿಧಾನ ಆಗುವುದೂ ಇಲ್ಲ. ಮೇಲಾಗಿ ಅದು ನಡೆದು ಪಳಗಿದ ಕಾಲಿಗೆ ಮಾಡಿದ ಲೆಕ್ಕ, ನಾಲ್ಕು ಗಂಟೆ ಬೈಕ್ ಮೇಲೆ ಕೂತು ಮರಗಟ್ಟಿದ ಕಾಲಿಗಲ್ಲ. ಆರು ಗಂಟೆ ಇಟ್ಟುಕೊಳ್ಳಿ. ಅಂದರೆ ಬೈಕಿನ ಹತ್ತಿರ ಬಂದು ನಿಂತಾಗ ಮಧ್ಯಾಹ್ನ ಮೂರು ಮುಕ್ಕಾಲು. ಮುಕ್ಕಾಲು ಗಂಟೆ ಸುಧಾರಿಸಿಕೊಂಡು ನಾಲ್ಕೂವರೆಗೆ ಹೊರಟರೆ ರಾತ್ರಿ ಎಂಟು ಮುಕ್ಕಾಲಿಗೆ ಮನೆ.

ನೋಡಿ, ಊಟಕ್ಕೆ ಬಂದೇ ಬಿಟ್ಟಿರಿ! ಗೆಳೆಯರು ಹೇಳಿದ್ದು ಸುಳ್ಳಲ್ಲ. ಆದರೆ ಇನ್ನೊಂದು ಲೆಕ್ಕ ಉಳಿದಿದೆ. ಐದಕ್ಕೆ ಹೊರಡಬೇಕಾದರೆ ನೀವು ನಾಲ್ಕಕ್ಕೆ ಎದ್ದಿರುತ್ತೀರಿ. ಮನೆ ಹತ್ತಿರ ಬರುವ ಹೊತ್ತಿಗೆ ಎಚ್ಚರವಾಗಿ ಸುಮಾರು 17 ಗಂಟೆ. 1997ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು: 17 ಗಂಟೆ ಸತತ ಎಚ್ಚರವಿದ್ದವರ ಕೈ–ಕಣ್ಣಿನ ಚುರುಕು, ರಕ್ತದಲ್ಲಿ 0.05 ಶೇಕಡ ಆಲ್ಕೋಹಾಲ್ ಇರುವವರಷ್ಟು ಇಳಿದಿರುತ್ತೆ ಎಂದು. ಎಷ್ಟೋ ದೇಶಗಳಲ್ಲಿ ವಾಹನ ಓಡಿಸಲು ಕಾನೂನು ಹಾಕಿರುವ ಗಡಿ ಅದೇ. ಅವರು ಸುಮ್ನೆ ಎಚ್ಚರವಿದ್ದರು ಅಷ್ಟೇ. ನೀವು ಅದರ ಜೊತೆಗೆ 900 ಮೀಟರ್ ಹತ್ತಿ ಇಳಿದಿರುತ್ತೀರಿ.

ಹಾಗಾಗಿ ನಾನು ಹೇಳುವುದು ಇಷ್ಟೇ, ದಿನದ ಲೆಕ್ಕವನ್ನು ಹಿಂದಿನಿಂದ ಹಾಕಿ. "ಎಷ್ಟು ಹೊತ್ತಿಗೆ ಹೊರಡೋಣ" ಅಂತ ಶುರು ಮಾಡಬೇಡಿ, "ತಿರುವಿನ ರಸ್ತೆಯನ್ನು ಬೆಳಕಿರುವಾಗ ದಾಟಬೇಕು" ಅಂತ ಶುರು ಮಾಡಿ. ಆರಕ್ಕೆ ಕತ್ತಲಾಗುತ್ತೆ ಅಂತಿಟ್ಟುಕೊಳ್ಳಿ. ಆ 60 ಕಿ.ಮೀ.ಗೆ ಒಂದು ಮುಕ್ಕಾಲು ಗಂಟೆ, ಅಂದರೆ ನಾಲ್ಕು ಕಾಲಿಗೆ ಬೈಕ್ ಸ್ಟಾರ್ಟ್ ಆಗಬೇಕು. ಮೂರೂವರೆಗೆ ಬುಡದಲ್ಲಿರಬೇಕು. ಇಳಿಯಲು ಎರಡೂವರೆ ಗಂಟೆ. ಹಾಗಾದರೆ ಮಧ್ಯಾಹ್ನ ಒಂದು ಗಂಟೆಗೆ ನೀವು ಎಲ್ಲೇ ಇರಿ, ತುದಿಗೆ ನೂರೇ ಮೀಟರ್ ಬಾಕಿ ಇರಲಿ, ಅಲ್ಲಿಂದ ವಾಪಸ್. ವಾಪಸ್ ತಿರುಗುವ ಈ ಹೊತ್ತನ್ನು ಮನೆಯಲ್ಲೇ ತೀರ್ಮಾನ ಮಾಡಿ. ತುದಿ ಕಣ್ಣಿಗೆ ಕಾಣುವಾಗ ತೀರ್ಮಾನ ಮಾಡಲು ಹೊರಟರೆ ತುದಿಯೇ ಗೆಲ್ಲುತ್ತೆ, ನನ್ನ ವಿಷಯದಲ್ಲಿ ಗೆದ್ದಿದೆ ಕೂಡ.

ಅದಕ್ಕಿಂತ ಒಳ್ಳೆಯ ದಾರಿ: ಹಿಂದಿನ ದಿನ ಸಂಜೆಯೇ ಹೋಗಿ ಬುಡದ ಹತ್ತಿರ ಮಲಗಿ. ಬೆಟ್ಟ ಬೆಳಿಗ್ಗೆ ಮುಗಿಯುತ್ತೆ, ರಸ್ತೆಯ ಚೆಂದವೂ ಹಗಲಲ್ಲೇ ಸಿಗುತ್ತೆ. ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬಂದರೆ ಅದು ಯಾವ ರಸ್ತೆಯಾದರೇನು?

ಪ್ರಶ್ನೆ: ರೈಡಿಂಗ್ ಬೂಟಲ್ಲೇ ಬೆಟ್ಟ ಹತ್ತಬಹುದಾ? ಅಥವಾ ಟ್ರೆಕ್ಕಿಂಗ್ ಶೂ ಹಾಕಿಯೇ ಬೈಕ್ ಓಡಿಸಲಾ? ಎರಡೆರಡು ಜೊತೆ ಹೊರುವುದು ಕಿರಿಕಿರಿ.

ಎರಡು ಜೊತೆ ಹೊರಿ.

ರೈಡಿಂಗ್ ಬೂಟನ್ನು ಮಾಡಿರುವುದೇ ಪಾದದ ಕೀಲು ಜಾಸ್ತಿ ಹೊರಳದ ಹಾಗೆ. ಬಿದ್ದಾಗ ಅದು ಕಾಪಾಡುತ್ತೆ. ಬೆಟ್ಟದಲ್ಲಿ ಅದೇ ಶತ್ರು: ಕೀಲು ಮಡಚದೆ ಏರು ಹತ್ತಿದರೆ ಮೊದಲ ಗಂಟೆಯಲ್ಲೇ ಹಿಮ್ಮಡಿಯಲ್ಲಿ ಗುಳ್ಳೆ. ಟ್ರೆಕ್ಕಿಂಗ್ ಶೂ ಮೆತ್ತಗೆ, ಹಗುರ. ಅದರಲ್ಲಿ ನಡೆಯುವುದು ಸುಖ, ಆದರೆ ಬೈಕು ಕಾಲ ಮೇಲೆ ಬಿದ್ದರೆ ತಡೆಯುವುದಕ್ಕೆ ಅದರಲ್ಲಿ ಏನೂ ಇಲ್ಲ. ಇನ್ನೊಂದು ವಿಷಯ ಲೇಸು. ಸಡಿಲವಾದ ಲೇಸು ಗೇರ್ ಲಿವರಿಗೋ ಫುಟ್‌ರೆಸ್ಟಿಗೋ ಸಿಕ್ಕಿಕೊಂಡರೆ, ನಿಲ್ಲಿಸುವಾಗ ಕಾಲು ನೆಲಕ್ಕೆ ಬರುವುದೇ ಇಲ್ಲ. ಬೈಕು ನಿಂತ ಜಾಗದಲ್ಲೇ, ಎಲ್ಲರೂ ನೋಡುತ್ತಿರುವಾಗ, ಮರ ಕಡಿದ ಹಾಗೆ ಬೀಳುತ್ತೆ. ಎತ್ತರದ ಟ್ರೆಕ್ಕಿಂಗ್ ಶೂ ಹಾಕಿಯೇ ಓಡಿಸುವವರು ಬಹಳ ಜನ ಇದ್ದಾರೆ, ಗೊತ್ತು. ಹಾಗೆ ಮಾಡುವುದಾದರೆ ಲೇಸನ್ನು ಒಳಗೆ ಸಿಕ್ಕಿಸಿ.

ನಡೆದು ಒದ್ದೆಯಾದ ಸಾಕ್ಸನ್ನೇ ಮತ್ತೆ ಬೂಟಿನೊಳಗೆ ತುರುಕಬೇಡಿ. ಒಂದು ಜೊತೆ ಒಣ ಸಾಕ್ಸ್ ಬೈಕಿನ ಬ್ಯಾಗಿನಲ್ಲೇ ಇರಲಿ. ಇದು ಸಣ್ಣ ವಿಷಯ ಅನಿಸಬಹುದು, ಸಂಜೆ ಗೊತ್ತಾಗುತ್ತೆ.

ಪ್ರಶ್ನೆ: ಹೆಲ್ಮೆಟ್, ಜಾಕೆಟ್ ಎಲ್ಲ ಬೆಟ್ಟದ ಮೇಲೆ ಹೊತ್ತುಕೊಂಡು ಹೋಗಬೇಕಾ?

ಬೇಡ. ಹೆಲ್ಮೆಟ್ಟಿನ ಪಟ್ಟಿಯ ಕೊಂಡಿಯೊಳಗೆ, ಜಾಕೆಟ್ ತೋಳಿನೊಳಗೆ ಒಂದು ತೆಳು ಕೇಬಲ್ ಲಾಕ್ ಹಾಯಿಸಿ ಬೈಕಿಗೆ ಬಿಗಿಯಿರಿ, ಮೇಲೆ ಮಳೆ ಹೊದಿಕೆ ಹಾಕಿ. ಕನ್ನಡಿಗೆ ನೇತುಹಾಕಬೇಡಿ, ಗಾಳಿಗೆ ಬೀಳುತ್ತೆ, ಬಿದ್ದ ಹೆಲ್ಮೆಟ್ ನಂಬುವುದು ಕಷ್ಟ. ಆಮೇಲೆ, ವಾಪಸ್ ಬಂದಾಗ ಹೆಲ್ಮೆಟ್ಟನ್ನೂ ಗ್ಲೌಸನ್ನೂ ಚೆನ್ನಾಗಿ ಒದರಿ ಹಾಕಿಕೊಳ್ಳಿ. ಗ್ಲೌಸಿನ ಬೆರಳಲ್ಲಿ ಇರುವೆಗಳು ಸಂಸಾರ ಹೂಡಿದ್ದು ನನಗೆ ಗೊತ್ತಾಗಿದ್ದು ಮೂರನೇ ಗೇರಿಗೆ ಬಂದ ಮೇಲೆ. ಅವತ್ತು ಬ್ರೇಕ್ ಹಿಡಿದ ಪರಿ ನೆನೆಸಿಕೊಂಡರೆ ಈಗಲೂ ಮೈ ಜುಮ್ ಅನ್ನುತ್ತೆ.

ಡಿಸ್ಕ್ ಲಾಕ್, ಅಂದರೆ ಚಕ್ರದ ಬ್ರೇಕ್ ತಟ್ಟೆಗೆ ಬೀಗ, ಹಾಕುವವರು ಅದರಿಂದ ಹ್ಯಾಂಡಲಿಗೆ ಒಂದು ಬಣ್ಣದ ದಾರ ಕಟ್ಟಿ. ದಣಿದು ಬಂದಾಗ ಲಾಕ್ ಮರೆತು ಬೈಕ್ ಮುಂದೆ ಬಿಡುವುದು ಮಾಮೂಲು.

ಪ್ರಶ್ನೆ: ನನ್ನ ಮಗ ಒಬ್ಬನೇ ಹೋಗುತ್ತಾನೆ. ಅಲ್ಲಿ ಫೋನ್ ಸಿಗುವುದಿಲ್ಲ. ರಾತ್ರಿ ಆಗುವವರೆಗೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಬೇಡ ಅಂದರೆ ಕೇಳುವುದಿಲ್ಲ. ಏನು ಮಾಡಲಿ?

ಅಮ್ಮಾ, ಬೇಡ ಅನ್ನುವುದನ್ನು ಬಿಡಿ, ಅದರ ಬದಲು ಒಂದು ಚೀಟಿ ಬರೆಸಿಕೊಳ್ಳಿ. ಅವನು ಹೊರಡುವ ಮುಂಚೆ, ಅವನ ಕೈಯಲ್ಲೇ. ಯಾವ ರಸ್ತೆಯಲ್ಲಿ ಹೋಗುತ್ತಾನೆ, ಬೈಕ್ ಎಲ್ಲಿ ನಿಲ್ಲಿಸುತ್ತಾನೆ, ಬೈಕಿನ ನಂಬರು, ಯಾವ ದಾರಿಯಲ್ಲಿ ಹತ್ತಿ ಯಾವ ದಾರಿಯಲ್ಲಿ ಇಳಿಯುತ್ತಾನೆ, ಹಾಕಿರುವ ಬಟ್ಟೆಯ ಬಣ್ಣ. ಕೊನೆಗೆ ಎರಡು ಹೊತ್ತು: ಒಂದು, "ಇಷ್ಟು ಹೊತ್ತಿಗೆ ಫೋನ್ ಮಾಡುತ್ತೇನೆ". ಇನ್ನೊಂದು, "ಇಷ್ಟು ಹೊತ್ತಾದರೂ ಫೋನ್ ಬರದಿದ್ದರೆ ಪೊಲೀಸರಿಗೆ ತಿಳಿಸಿ". ಎರಡರ ನಡುವೆ ಎರಡು ಮೂರು ಗಂಟೆ ಬಿಡಿ. ಪಂಕ್ಚರ್, ಮಳೆ ಎಲ್ಲ ಆ ಗಂಟೆಗಳಲ್ಲಿ ಮುಗಿಯುತ್ತೆ. ಎರಡನೇ ಹೊತ್ತು ದಾಟಿದರೆ ಮಾತ್ರ ನಾಚಿಕೆ, ಅನುಮಾನ ಯಾವುದೂ ಬೇಡ, ಫೋನ್ ಮಾಡಿ.

ಬೈಕ್ ಎಲ್ಲಿ ಅನ್ನುವುದನ್ನು ನಾನು ಒತ್ತಿ ಹೇಳಲು ಕಾರಣ ಇದೆ. ಹುಡುಕುವವರಿಗೆ ಮೊದಲು ಬೇಕಾಗುವುದು ಅದು. ಬೈಕು ಹೇಳಿದ ಜಾಗದಲ್ಲೇ ಇದ್ದರೆ ಹುಡುಗ ಬೆಟ್ಟದಲ್ಲಿದ್ದಾನೆ. ಇಲ್ಲದಿದ್ದರೆ ರಸ್ತೆಯಲ್ಲೆಲ್ಲೋ ಇದ್ದಾನೆ. ಹುಡುಕುವ ಜಾಗ ಅಲ್ಲೇ ಅರ್ಧ ಆಯಿತು.

ಮಗನಿಗೆ ಎರಡು ಮಾತು. ಪೀಪಿ ಒಂದು ಕೊರಳಲ್ಲಿರಲಿ. ಒಂದು ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಸುಮ್ಮನಿದ್ದು, ಮತ್ತೆ ಆರು ಸಲ. ಆಲ್ಪ್ಸ್ ಪರ್ವತಗಳಲ್ಲೂ ಬ್ರಿಟನ್ನಿನ ಬೆಟ್ಟಗಳಲ್ಲೂ ಸಹಾಯ ಕೇಳುವ ಪದ್ಧತಿ ಇದು, ಟಾರ್ಚಿನಲ್ಲೂ ಹೀಗೇ ಮಾಡಬಹುದು. ನಿಮಿಷಕ್ಕೆ ಮೂರು ಸಲ ಕೇಳಿಸಿದರೆ ಅದು ಉತ್ತರ. ಉತ್ತರ ಅಮೆರಿಕದಲ್ಲಿ ಸಹಾಯಕ್ಕೆ ಕರೆಯುವುದೇ ಮೂರು ಸಲ. ಎಣಿಕೆ ಮರೆತರೂ ಪರವಾಗಿಲ್ಲ, ಒಂದೇ ಲಯದಲ್ಲಿ ಊದುತ್ತಿದ್ದರೆ ಇದು ಹಕ್ಕಿಯಲ್ಲ, ಮನುಷ್ಯ ಅಂತ ಯಾರಿಗಾದರೂ ತಿಳಿಯುತ್ತೆ. ಮತ್ತೆ, ಫೋನನ್ನು ಏರೋಪ್ಲೇನ್ ಮೋಡಿನಲ್ಲಿಡಪ್ಪಾ. ಸಿಗ್ನಲ್ ಹುಡುಕಿ ಹುಡುಕಿಯೇ ಬ್ಯಾಟರಿ ಸತ್ತುಹೋಗುತ್ತೆ. ನಕ್ಷೆ ಮೊದಲೇ ಇಳಿಸಿಕೊಂಡಿದ್ದರೆ ಜಿಪಿಎಸ್ ಸಿಗ್ನಲ್ ಇಲ್ಲದೆಯೂ ನಡೆಯುತ್ತೆ.

ಪ್ರಶ್ನೆ: ಇಳಿದು ಬಂದಾಗ ಮಂಡಿ ಗಡಗಡ ನಡುಗುತ್ತೆ. ಆಗ ಬೈಕ್ ಓಡಿಸುವುದು ಸರಿಯಾ? ಎಷ್ಟು ಹೊತ್ತು ಕಾಯಬೇಕು?

ಈ ಸಲದ ಅತಿ ಒಳ್ಳೆಯ ಪ್ರಶ್ನೆ ಇದು. ಬೈಕ್ ಓಡಿಸುವವರಿಗೆ ಬೆಟ್ಟ ಭಯ, ಬೆಟ್ಟ ಹತ್ತುವವರಿಗೆ ಬೈಕ್ ಭಯ. ಎರಡರ ನಡುವಿನ ಆ ಅರ್ಧ ಗಂಟೆಯ ಬಗ್ಗೆ ಯಾರೂ ಕೇಳುವುದಿಲ್ಲ.

ಹತ್ತುವಾಗ ತೊಡೆಯ ಸ್ನಾಯು ಕುಗ್ಗಿಕೊಂಡು ಕೆಲಸ ಮಾಡುತ್ತೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಾ ಹಿಗ್ಗುತ್ತಾ ಮೈಭಾರ ತಡೆಯಬೇಕು. ಸ್ನಾಯುವಿನ ಎಳೆಗಳಿಗೆ ಜಾಸ್ತಿ ಪೆಟ್ಟು ಬೀಳುವುದು ಈ ಎರಡನೆಯದರಿಂದ. ಅದಕ್ಕೇ ಏದುಸಿರು ಹತ್ತುವಾಗ, ನಡುಕ ಇಳಿದ ಮೇಲೆ. ನಿಜವಾದ ನೋವು ಇನ್ನೂ ತಡವಾಗಿ ಬರುತ್ತೆ, ಒಂದರಿಂದ ಮೂರು ದಿನದೊಳಗೆ. ಎರಡನೇ ದಿನ ಬೈಕಿನಲ್ಲಿ ದೂರ ಹೋಗುವ ಯೋಜನೆ ಇದ್ದರೆ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬೆಳಿಗ್ಗೆ ಕಾಲೆತ್ತಿ ಸೀಟಿನ ಮೇಲೆ ಹಾಕುವುದೇ ಒಂದು ಸಾಹಸ ಆಗಿರುತ್ತೆ.

ನನ್ನ ಕಥೆ ಕೇಳಿ. ಒಂದು ಸಲ ಹೀಗೇ ನಡುಗುವ ಕಾಲಲ್ಲೇ ಹೊರಟೆ. ಓಡುತ್ತಿರುವಾಗ ಏನೂ ಆಗಲಿಲ್ಲ. ಒಂದು ತಿರುವಿನಲ್ಲಿ ದಾರಿ ನೋಡೋಣ ಅಂತ ನಿಲ್ಲಿಸಿ ಎಡಗಾಲು ಇಟ್ಟೆ, ಕೆಳಗೆ ಜಲ್ಲಿ, ಕಾಲು ಜಾರಿತು. ಬೇರೆ ದಿನವಾಗಿದ್ದರೆ ಹಿಡಿಯುತ್ತಿದ್ದೆ. ಅವತ್ತು ತೊಡೆ ಕೈಕೊಟ್ಟಿತು. ಬೈಕು ಮೆಲ್ಲಗೆ, ಬಹಳ ಮೆಲ್ಲಗೆ, ಮಲಗಿಕೊಂಡಿತು. ಎತ್ತಲು ಹೋದರೆ ಎತ್ತಲೂ ಆಗುವುದಿಲ್ಲ! ಕಾಲು ಗಂಟೆ ಪಕ್ಕದಲ್ಲೇ ಕೂತು, ಉಳಿದ ನೀರು ಕುಡಿದು, ಆಮೇಲೆ ಎತ್ತಿದೆ. ಕ್ಲಚ್ ಲಿವರಿನ ತುದಿ ಮುರಿದಿತ್ತು, ಮಾನವೂ ಸ್ವಲ್ಪ ಹೋಗಿತ್ತು, ಪುಣ್ಯಕ್ಕೆ ನೋಡುವವರು ಯಾರೂ ಇರಲಿಲ್ಲ.

ಎತ್ತುವ ಕ್ರಮವನ್ನೂ ಹೇಳಿಬಿಡುತ್ತೇನೆ. ಮೊದಲು ಎಂಜಿನ್ ಆಫ್. ಬೈಕು ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡನ್ನು ಮೊದಲೇ ಹೊರಗೆ ಚಾಚಿಡಿ, ಇಲ್ಲದಿದ್ದರೆ ಎತ್ತಿದ ರಭಸಕ್ಕೆ ಆ ಕಡೆ ಮಗುಚುತ್ತೆ. ಗೇರಿನಲ್ಲಿದ್ದರೆ ಉರುಳುವುದಿಲ್ಲ. ಬೈಕಿಗೆ ಬೆನ್ನು ಕೊಟ್ಟು, ಸೀಟಿನ ಅಂಚಿಗೆ ಸೊಂಟ ತಾಗಿಸಿ ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಸೀಟಿನ ಹಿಂದಿನ ಕಂಬಿ ಹಿಡಿದು, ಸಣ್ಣ ಸಣ್ಣ ಹೆಜ್ಜೆ ಹಿಂದಕ್ಕೆ ಇಡುತ್ತಾ ಕಾಲಿನ ಬಲದಲ್ಲಿ ಎದ್ದು ನಿಲ್ಲಿ. ಸೊಂಟ ಬಗ್ಗಿಸಿ ಎತ್ತಬೇಡಿ.

ಎಷ್ಟು ಹೊತ್ತು ಕಾಯಬೇಕು ಅಂದಿರಿ. ನಾನು ಗಡಿಯಾರ ನೋಡುವುದಿಲ್ಲ, ಒಂದು ಪರೀಕ್ಷೆ ಮಾಡುತ್ತೇನೆ. ಒಂಟಿ ಕಾಲಲ್ಲಿ ನಿಂತು ಮಂಡಿಯನ್ನು ಸ್ವಲ್ಪ ಮಡಚಿ ಹತ್ತು ಎಣಿಸಿ, ಆಮೇಲೆ ಇನ್ನೊಂದು ಕಾಲು. ಓಲಾಡಿದರೆ ಇನ್ನೂ ಹದಿನೈದು ನಿಮಿಷ. ಇದು ವೈದ್ಯರ ಪರೀಕ್ಷೆ ಅಲ್ಲ, ನನ್ನ ಮನೆಮದ್ದು. ಅಷ್ಟರೊಳಗೆ ಏನಾದರೂ ತಿನ್ನಿ, ನೀರು ಕುಡಿಯಿರಿ. ಸಾಧ್ಯವಾದರೆ 20 ನಿಮಿಷ ಕಣ್ಣು ಮುಚ್ಚಿ. ಕಾಫಿ ಕುಡಿಯುವುದಾದರೆ ಮಲಗುವ ಮುಂಚೆ ಕುಡಿಯಿರಿ, ಅದು ಹತ್ತಲು ಸುಮಾರು ಅರ್ಧ ಗಂಟೆ ಬೇಕು, ಎದ್ದಾಗ ಸರಿಯಾಗಿ ಕೆಲಸ ಶುರುವಾಗಿರುತ್ತೆ.

ಕಾಲಿಗಿಂತ ತಲೆ ನಿಧಾನ ಆಗಿರುವುದು ಅಪಾಯ. ಗಂಟೆಗೆ 60 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಎದುರಿಗೆ ಏನೋ ಬಂದದ್ದು ಕಂಡು ಬ್ರೇಕ್ ಹಿಡಿಯಲು ಬೆಳಿಗ್ಗೆ ಒಂದು ಸೆಕೆಂಡ್ ಸಾಕಾಗಿ, ಸಂಜೆ ಎರಡು ಬೇಕಾದರೆ, ಬ್ರೇಕ್ ಮುಟ್ಟುವ ಮುಂಚೆಯೇ 17 ಮೀಟರ್ ಜಾಸ್ತಿ ಹೋಗಿರುತ್ತೀರಿ. ಸಂಜೆ ಹೊತ್ತು ಪ್ರಾಣಿಗಳೂ ರಸ್ತೆಗೆ ಬರುತ್ತವೆ. ಹೋಗುವಾಗಿನ ವೇಗವನ್ನು ಬರುವಾಗ ಮರೆತುಬಿಡಿ.

ಪ್ರಶ್ನೆ: ಬೈಕ್ ನಿಲ್ಲಿಸುವುದರಲ್ಲಿ ಏನಾದರೂ ವಿಶೇಷ ಇದೆಯಾ?

ಇದೆ. ಬೆಳಿಗ್ಗೆ ಹುಮ್ಮಸ್ಸಿನಲ್ಲಿ ಇಳಿಜಾರಿಗೆ ಮುಖ ಮಾಡಿ ನುಗ್ಗಿಸಿ ನಿಲ್ಲಿಸಿದರೆ, ಸಂಜೆ ಅದನ್ನು ಹಿಂದಕ್ಕೆ ಎಳೆಯಬೇಕಾದವರು ನೀವೇ, ಅದೂ ಆ ನಡುಗುವ ಕಾಲಲ್ಲಿ. ಬಂದ ತಕ್ಷಣ ತಿರುಗಿಸಿ, ಹೊರಡುವ ದಿಕ್ಕಿಗೆ ಮುಖ ಮಾಡಿ ಸಮನಾದ ಜಾಗದಲ್ಲಿ ನಿಲ್ಲಿಸಿ. ಇಳಿಜಾರು ತಪ್ಪಿಸಲು ಆಗದಿದ್ದರೆ ಮುಖ ಏರಿನ ಕಡೆ, ಒಂದನೇ ಗೇರಿನಲ್ಲಿ. ಮೆತ್ತನೆಯ ನೆಲವಾದರೆ ಸ್ಟ್ಯಾಂಡಿನ ಕೆಳಗೆ ಚಪ್ಪಟೆ ಕಲ್ಲು, ಮಳೆ ಬಂದರೆ ನೆಲ ಇನ್ನೂ ಮೆತ್ತಗಾಗುತ್ತೆ. ಗೇಟಿಗೆ ಅಡ್ಡ ನಿಲ್ಲಿಸಬೇಡಿ, ಆ ಗೇಟು ಯಾರದೋ ದಿನದ ಕೆಲಸದ ದಾರಿ.

ಪ್ರಶ್ನೆ: ಅಣ್ಣಾ, ಉದ್ದ ಇಳಿಜಾರಿನಲ್ಲಿ ಬರುವಾಗ ಮುಂದಿನ ಬ್ರೇಕ್ ಲಿವರ್ ಮೆತ್ತಗಾಗಿ ಹ್ಯಾಂಡಲಿನವರೆಗೂ ಬಂತು. ಸ್ವಲ್ಪ ಹೊತ್ತು ನಿಲ್ಲಿಸಿದ ಮೇಲೆ ಸರಿಹೋಯಿತು. ಹಾಗೇ ಓಡಿಸಬಹುದಾ?

ಬೇಡ ತಮ್ಮಾ. ಬ್ರೇಕ್ ಆಯಿಲ್ ಕುದ್ದಿರುವ ಲಕ್ಷಣ ಅದು. ಬ್ರೇಕ್ ಆಯಿಲ್ ಗಾಳಿಯಿಂದ ತೇವ ಹೀರುತ್ತಾ ಹೋಗುತ್ತೆ. ಡಾಟ್ 4 ಅನ್ನುವ ದರ್ಜೆಯದ್ದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ತೇವ ಹಿಡಿದ ಮೇಲೆ ಆ ಮಟ್ಟ 155 ಡಿಗ್ರಿಗೆ ಇಳಿಯಬಹುದು. ಇಳಿಜಾರು ಪೂರ್ತಿ ಬ್ರೇಕ್ ಹಿಡಿದೇ ಬಂದರೆ ಬಿಸಿ ಏರಿ, ಆಯಿಲ್ ಕುದ್ದು ಗುಳ್ಳೆ ಆಗುತ್ತೆ. ಆಯಿಲನ್ನು ಒತ್ತಿದರೆ ಬ್ರೇಕ್ ಹಿಡಿಯುತ್ತೆ, ಗುಳ್ಳೆಯನ್ನು ಒತ್ತಿದರೆ ಗುಳ್ಳೆಯೇ ಕುಗ್ಗುತ್ತೆ. ತಣ್ಣಗಾದಾಗ ಸರಿಹೋದ ಹಾಗೆ ಕಾಣುವುದು ಅದಕ್ಕೇ. ಮುಂದಿನ ಇಳಿಜಾರಿನಲ್ಲಿ ಮತ್ತೆ ಅದೇ.

ಆಯಿಲ್ ಬದಲಿಸು, ಪ್ಯಾಡ್ ನೋಡಿಸು. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು ಅಂತಾರೆ, ನಿನ್ನ ಬೈಕಿನ ಕೈಪಿಡಿಯಲ್ಲಿ ಬರೆದಿರುತ್ತೆ. ಇಳಿಯುವಾಗ ಕಡಿಮೆ ಗೇರಿನಲ್ಲಿ ಎಂಜಿನ್ನೇ ತಡೆಯಲಿ, ಬ್ರೇಕನ್ನು ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು, ಆಮೇಲೆ ಸಡಿಲಿಸು. ಪೆಟ್ರೋಲ್ ಉಳಿಸಲು ನ್ಯೂಟ್ರಲಿನಲ್ಲಿ ಇಳಿಯುವ ಅಭ್ಯಾಸ ಇದ್ದರೆ ಇವತ್ತೇ ಬಿಟ್ಟುಬಿಡು.

ಪ್ರಶ್ನೆ: ನನ್ನ ಹೆಂಡತಿ ಹಿಂದಿನ ಸೀಟಿನಲ್ಲಿ ಕೂರುತ್ತಾಳೆ. ಬೆಟ್ಟ ಹತ್ತಿ ವಾಪಸ್ ಬರುವಾಗ ಹೆಲ್ಮೆಟ್ಟುಗಳು ಟಕ್ ಟಕ್ ಅಂತ ತಾಗುತ್ತಿರುತ್ತವೆ. ಹೀಗೇಕೆ?

ಅವರು ನಿದ್ದೆ ಮಾಡುತ್ತಿದ್ದಾರೆ, ಸ್ವಾಮಿ. ತಮಾಷೆಯಲ್ಲ. ಓಡಿಸುವವರನ್ನು ರಸ್ತೆ ಎಚ್ಚರವಾಗಿಡುತ್ತೆ, ಹಿಂದೆ ಕೂತವರಿಗೆ ಮಾಡಲು ಕೆಲಸವೇ ಇಲ್ಲ. ನಿದ್ದೆಯಲ್ಲಿ ಮೈ ಸಡಿಲ ಬಿಟ್ಟು ಒಂದು ತಿರುವಿನಲ್ಲಿ ಆ ಕಡೆ ವಾಲಿದರೆ ಇಬ್ಬರೂ ಕೆಳಗೆ. ಮೊದಲ ಟಕ್‌ಗೇ ನಿಲ್ಲಿಸಿ, ಇಬ್ಬರೂ ಇಳಿದು ಓಡಾಡಿ. ಅವರಿಗೆ ಬೈಕ್ ಬರುತ್ತದಾ ಅಂತ ಬರೆದಿಲ್ಲ ನೀವು. ಬರುವುದಾದರೆ ಯಾರು ಜಾಸ್ತಿ ಎಚ್ಚರವಾಗಿದ್ದಾರೋ ಅವರ ಕೈಗೆ ಕೀ.

ಪ್ರಶ್ನೆ: ತುಂಬಾ ಎತ್ತರದ ಪರ್ವತ ಪ್ರದೇಶಕ್ಕೆ ಹೋಗುವವರಿದ್ದೇವೆ, 3500 ಮೀಟರ್‌ವರೆಗೂ ಬೈಕ್ ಹೋಗುತ್ತದಂತೆ. ಅಲ್ಲಿಂದ ಮುಂದೆ ನಡಿಗೆ. ಬೈಕಿಗೆ ಏನು ತಯಾರಿ?

ಬೈಕಿಗೆ ಕಡಿಮೆ, ನಿಮಗೆ ಜಾಸ್ತಿ. ಪ್ರತಿ ಸಾವಿರ ಮೀಟರ್ ಏರಿದಾಗ ಗಾಳಿ ತೆಳುವಾಗಿ ಎಂಜಿನ್ನಿನ ಶಕ್ತಿ ಸುಮಾರು ಹತ್ತನೇ ಒಂದು ಭಾಗ ಕಡಿಮೆಯಾಗುತ್ತೆ. ಫ್ಯೂಯೆಲ್ ಇಂಜೆಕ್ಷನ್ ಇದ್ದರೆ ಪೆಟ್ರೋಲಿನ ಅಳತೆಯನ್ನು ತಾನೇ ಸರಿಮಾಡಿಕೊಳ್ಳುತ್ತೆ, ಹಳೆಯ ಕಾರ್ಬ್ಯುರೇಟರ್ ಬೈಕು ಕೆಮ್ಮುತ್ತಾ ಕಪ್ಪು ಹೊಗೆ ಬಿಡಬಹುದು. ಎರಡೂ ಸೋಲುತ್ತವೆ, ಆದರೆ ತಲುಪುತ್ತವೆ.

ನಿಮ್ಮ ದೇಹ ಹಾಗಲ್ಲ. 2500 ಮೀಟರ್ ದಾಟಿದರೆ ಎತ್ತರದ ಕಾಯಿಲೆ ಯಾರಿಗೂ ಬರಬಹುದು, ಗಟ್ಟಿಮುಟ್ಟಾದವರಿಗೂ. ನಡೆದು ಹೋಗುವವರು ದಿನಕ್ಕೆ ಸ್ವಲ್ಪ ಸ್ವಲ್ಪ ಏರುವುದರಿಂದ ಮೈ ಒಗ್ಗಿಕೊಳ್ಳುತ್ತೆ. ಬೈಕು ಆ ಏರನ್ನು ಅರ್ಧ ದಿನದಲ್ಲಿ ಮುಗಿಸಿಬಿಡುತ್ತೆ, ಗೊತ್ತೇ ಆಗುವುದಿಲ್ಲ. ಇಳಿದ ತಕ್ಷಣ ನಡೆಯಲು ಹೊರಟರೆ ತಲೆನೋವು, ವಾಂತಿ, ಸುಸ್ತು. 3000 ಮೀಟರ್ ಆದ ಮೇಲೆ ರಾತ್ರಿ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು, ಮೂರು ನಾಲ್ಕು ದಿನಕ್ಕೊಂದು ದಿನ ವಿಶ್ರಾಂತಿ ಬೇಕು ಎನ್ನುವುದು ವೈದ್ಯರ ಸಾಮಾನ್ಯ ಸಲಹೆ. ತಲೆನೋವಿದ್ದರೆ ಮುಂದೆ ಏರಬೇಡಿ. ನಡಿಗೆ ತೂರಾಡಿದರೆ, ಮಾತು ತಡವರಿಸಿದರೆ, ಸುಮ್ಮನೆ ಕೂತಾಗಲೂ ಉಸಿರು ಸಿಗದಿದ್ದರೆ ಕಾಯಬೇಡಿ, ಕೆಳಗಿಳಿಯಿರಿ, ವೈದ್ಯರಲ್ಲಿಗೆ ಹೋಗಿ. ಅಂಥವರ ಕೈಗೆ ಬೈಕ್ ಕೊಡಬೇಡಿ, ಹಿಂದೆಯೂ ಕೂರಿಸಬೇಡಿ, ಕಾರು ಜೀಪು ಏನಾದರೂ ಹುಡುಕಿ.

ಪ್ರಶ್ನೆ: ಬೆಟ್ಟದಲ್ಲಿ ಬೆವರು ಸುರಿಯುತ್ತೆ, ಆಮೇಲೆ ಬೈಕಿನಲ್ಲಿ ನಡುಕ ಹುಟ್ಟುವಷ್ಟು ಚಳಿ. ಯಾವ ಬಟ್ಟೆ ಹಾಕಬೇಕು?

ಹತ್ತಿಯ ಬನಿಯನ್ ಬಿಟ್ಟು ಏನಾದರೂ ಹಾಕಿ. ಹತ್ತಿ ಬೆವರು ಹೀರಿ ಹಿಡಿದುಕೊಳ್ಳುತ್ತೆ, ಬೇಗ ಒಣಗುವುದಿಲ್ಲ. ಒದ್ದೆ ಬಟ್ಟೆಗೆ ಗಾಳಿ ಬಡಿದರೆ ಮೈಶಾಖ ಕಿತ್ತುಕೊಂಡು ಹೋಗುತ್ತೆ. ಮೇಲೆ ಹೋದಂತೆ ಸಾವಿರ ಮೀಟರಿಗೆ ಸುಮಾರು 6.5 ಡಿಗ್ರಿ ಚಳಿ ಜಾಸ್ತಿ. ಅದರ ಮೇಲೆ ಬೈಕಿನ ಗಾಳಿ: 10 ಡಿಗ್ರಿ ಇರುವಾಗ 60 ಕಿ.ಮೀ. ವೇಗದಲ್ಲಿ ಹೋದರೆ ಗಾಳಿ ಬಡಿಯುವ ಚರ್ಮಕ್ಕೆ 5 ಡಿಗ್ರಿ ಇದ್ದ ಹಾಗೆ ಅನಿಸುತ್ತೆ, ಅದೂ ಒಣ ಚರ್ಮಕ್ಕೆ. ಹಾಗಾಗಿ ಬೈಕಿನ ಹತ್ತಿರ ಬಂದ ಕೂಡಲೇ, ಹರಟೆಗೆ ಮುಂಚೆ, ಒಳ ಅಂಗಿ ಬದಲಿಸಿ. ಮಳೆಕೋಟು ಮಳೆಗಷ್ಟೇ ಅಲ್ಲ, ಜಾಕೆಟ್ಟಿನ ಮೇಲೆ ಹಾಕಿಕೊಂಡರೆ ಗಾಳಿಯನ್ನೂ ತಡೆಯುತ್ತೆ. ಬೆರಳು ಮರಗಟ್ಟಿ ಬ್ರೇಕ್ ಲಿವರ್ ಎಲ್ಲಿದೆ ಅಂತ ಗೊತ್ತಾಗದ ಹಾಗಾದರೆ ನಿಲ್ಲಿಸಿ, ಗ್ಲೌಸ್ ಬಿಚ್ಚಿ, ಕೈಯನ್ನು ಕಂಕುಳಲ್ಲಿಟ್ಟುಕೊಳ್ಳಿ. ಬಿಸಿ ಎಂಜಿನ್ನಿಗೆ ಕೈ ಒತ್ತಬೇಡಿ, ಮರಗಟ್ಟಿದ ಕೈಗೆ ಸುಟ್ಟದ್ದು ತಿಳಿಯುವುದಿಲ್ಲ.

ಪ್ರಶ್ನೆ: ಬೈಕೂ ಬೆಟ್ಟವೂ ಒಟ್ಟಿಗೆ ಸಿಗುವ, ನೀವು ಕನಸು ಕಾಣುವ ಜಾಗ ಒಂದನ್ನು ಹೇಳಿ.

ಸ್ಕಾಟ್‌ಲೆಂಡಿನ ವಾಯವ್ಯ ಭಾಗ. ಆಪಲ್‌ಕ್ರಾಸ್ ಅನ್ನುವ ಕಡಲ ದಂಡೆಯ ಊರಿಗೆ ಹೋಗುವ ಬೆಲಾಕ್ ನ ಬಾ ಎಂಬ ರಸ್ತೆ ಸಮುದ್ರ ಮಟ್ಟದಿಂದ ಶುರುವಾಗಿ 626 ಮೀಟರ್‌ವರೆಗೆ ಏರುತ್ತೆ, ಒಂದೇ ವಾಹನದ ಅಗಲ, ಎದುರಿಗೆ ಬಂದವರಿಗೆ ದಾರಿ ಕೊಡಲು ಅಲ್ಲಲ್ಲಿ ಅಗಲ ಮಾಡಿದ ಜಾಗ. ಆ ದೇಶದ ಬೆಟ್ಟ 3000 ಅಡಿ ಅಂದರೆ 914 ಮೀಟರ್ ದಾಟಿದರೆ ಮನ್ರೋ ಅಂತ ಹೆಸರು, 1891ರಲ್ಲಿ ಹ್ಯೂ ಮನ್ರೋ ಮಾಡಿದ ಪಟ್ಟಿಯಿಂದ ಬಂದದ್ದು, ಈಗ ಪಟ್ಟಿಯಲ್ಲಿ 282 ಇವೆ. ನನಗೆ ಆಸೆ ಇರುವುದು ಅಲ್ಲಿನ ನಾಯ್ಡಾರ್ಟ್ ಎಂಬ ಪರ್ಯಾಯ ದ್ವೀಪದ ಮೇಲೆ. ಅಲ್ಲಿನ ಇನ್‌ವೆರಿ ಎಂಬ ಊರಿಗೆ ಹೊರಗಿನಿಂದ ರಸ್ತೆಯೇ ಇಲ್ಲ, ದೋಣಿಯಲ್ಲಿ ಹೋಗಬೇಕು, ಇಲ್ಲವೇ ಬೆಟ್ಟ ದಾಟಿ ನಡೆಯಬೇಕು. ರಸ್ತೆ ಮುಗಿಯುವ ಕಿನ್‌ಲಾಕ್ ಹೌರ್ನ್‌ವರೆಗೆ ಬೈಕಿನಲ್ಲಿ ಹೋಗಿ, ಆಮೇಲೆ ನಡೆಯುತ್ತಾ ಹೋಗುವುದು! ಆ ದೇಶದಲ್ಲಿ 2003ರ ಕಾನೂನು ಬಹುತೇಕ ಎಲ್ಲ ಕಡೆ ಕಾಲ್ನಡಿಗೆಗೆ ಹಕ್ಕು ಕೊಟ್ಟಿದೆ, ಮೋಟಾರು ವಾಹನಕ್ಕೆ ಕೊಟ್ಟಿಲ್ಲ. ನನಗೆ ಬಹಳ ಇಷ್ಟವಾದ ಕಾನೂನು ಅದು. ಬೈಕನ್ನು ಬೆಟ್ಟದ ಮೇಲಕ್ಕೇ ಹತ್ತಿಸಿ, ಹುಲ್ಲುಗಾವಲಲ್ಲಿ ಗೀರು ಎಳೆದು ಬರುವವರ ಪತ್ರವೂ ಎರಡು ಬಂದಿದ್ದವು, ಅವಕ್ಕೆ ನಾನು ಉತ್ತರ ಬರೆದಿಲ್ಲ.

ಪ್ರಶ್ನೆ: ಬೈಕ್ ಕೀ ಬೆಟ್ಟದ ಮೇಲೆ ಎಲ್ಲೋ ಬಿದ್ದುಹೋದರೆ?

ಇನ್ನೊಂದು ಕೀ ಜೊತೆಗಾರರ ಜೇಬಿನಲ್ಲಿರಬೇಕು. ಒಬ್ಬರೇ ಆದರೆ ಒಂದು ಕೀಯನ್ನು ಬ್ಯಾಗಿನ ಒಳಗಿನ ಕೊಂಡಿಗೆ ಹಾಕಿ, ಇನ್ನೊಂದನ್ನು ಜಿಪ್ ಇರುವ ಜೇಬಿನಲ್ಲಿ ಇಟ್ಟುಕೊಳ್ಳಿ, ಅದೇ ಜೇಬಿನಲ್ಲಿ ಫೋನ್ ಇಡಬೇಡಿ. ಫೋಟೋಗೆ ಅಂತ ಫೋನ್ ಎಳೆದಾಗಲೇ ಕೀ ಹೋಗುವುದು. ನನ್ನದೊಂದು ಕೀ ಹಾಗೇ ಯಾವುದೋ ಬೆಟ್ಟದ ಪೊದೆಯಲ್ಲಿದೆ, ಸಿಕ್ಕವರು ತಿಳಿಸಿ. ಬೈಕು ಮಾರಿ ಆರು ವರ್ಷ ಆಯಿತು.